ಗುಂಡನಿಗೊಂದು ಬಚ್ಚಲು: ವಾರಕ್ಕೆ ಎರಡು ಸ್ನಾನ, ಚರ್ಮ ಕೆಡದ ಹಾಗೆ

ಕಳೆದ ಜೂನ್ ಕೊನೆಯ ವಾರ. ಸಕಲೇಶಪುರದ ಹತ್ತಿರ, ಹಾನುಬಾಳು ಕಡೆಯ ನಮ್ಮ ಕಾಫಿ ತೋಟದಲ್ಲಿ ಹತ್ತು ದಿನದಿಂದ ಮಳೆ ಬಿಟ್ಟಿರಲಿಲ್ಲ. ನಮ್ಮ ನಾಯಿ ಗುಂಡ ಜಗಲಿಯಲ್ಲಿ ಮಲಗಿ ಹಿಂಗಾಲಿನಿಂದ ಕುತ್ತಿಗೆ ಕೆರೆದುಕೊಳ್ಳುತ್ತಿದ್ದ. ಬೆಲ್ಟಿನ ಬಕಲ್ ನೆಲಕ್ಕೆ ಬಡಿಯುವ ಟಣ್ ಟಣ್ ಸದ್ದು ರಾತ್ರಿಯೆಲ್ಲ ಕೇಳುತ್ತಿತ್ತು. ಕೊನೆಗೆ ಎದ್ದು ಬೆಲ್ಟ್ ಬಿಚ್ಚಿದೆ. ಕೂದಲು ಸರಿಸಿ ಟಾರ್ಚ್ ಹಾಕಿ ನೋಡಿದೆ. ರೂಪಾಯಿ ನಾಣ್ಯದಷ್ಟು ಅಗಲ ಹಸಿ ಗಾಯ. ಕೆಂಪಗೆ, ಅಂಟಂಟು ನೀರು ಒಸರುತ್ತಿತ್ತು. ಬೆನ್ನ ಮೇಲೆ ಕೈಯಾಡಿಸಿದರೆ ಉಗುರಿಗೆ ಹೊಟ್ಟು ಬಂತು. ಕಂಕುಳ ಹತ್ತಿರ ಮೂಗು ಇಟ್ಟರೆ ಹಳೇ ಎಣ್ಣೆಯ ಕಮಟು ವಾಸನೆ.

ಗುಂಡ ಅರ್ಧ ಲ್ಯಾಬ್ರಡಾರ್, ಅರ್ಧ ನಮ್ಮೂರ ನಾಯಿ. 26 ಕೆಜಿ ಇದ್ದಾನೆ. ಬೆಳಗ್ಗೆ ನನ್ನ ಜೊತೆ ತೋಟಕ್ಕೆ ಬಂದರೆ ಹಳ್ಳ, ಕೆಸರು, ಗೊಬ್ಬರದ ಗುಂಡಿ ಒಂದನ್ನೂ ಬಿಡುವುದಿಲ್ಲ. ರಾತ್ರಿ ಮಲಗುವುದು ಮಾತ್ರ ಅಮ್ಮನ ಮಂಚದ ಪಕ್ಕದಲ್ಲೇ. ಹಾಗಾಗಿ ಮಳೆಗಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಸ್ನಾನ ಮಾಡಿಸದೆ ಆಗುವುದಿಲ್ಲ. ಹಂಡೆಯ ಬಿಸಿನೀರು, ಒಂದು ಚೊಂಬು, ನಾವು ಮೈಗೆ ಹಾಕುವ ಸೋಪು. ಆಮೇಲೆ ಹಳೇ ಪಂಚೆಯಲ್ಲಿ ಎರಡು ಸಲ ಒರೆಸಿ ಬಿಡುವುದು. ಅವನು ಹೋಗಿ ಬಚ್ಚಲೊಲೆ ಮುಂದೆ ಸುರುಳಿ ಸುತ್ತಿ ಮಲಗುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆದಿತ್ತು.

“ತೊಳೆದು ತೊಳೆದು ಅದರ ಚರ್ಮನೇ ಕೆಡಿಸಿದ್ದೀಯ. ಸ್ವಲ್ಪ ದಿನ ಬಿಟ್ಟುಬಿಡು” ಅಂದರು ಅಮ್ಮ. ನನಗೂ ಅದೇ ಸರಿ ಅನ್ನಿಸಿತು. ಎರಡು ವಾರ ಸ್ನಾನ ನಿಲ್ಲಿಸಿದೆ. ಗಾಯ ಒಂದಿದ್ದದ್ದು ಮೂರಾಯಿತು. ಕಾಲ್ಬೆರಳ ಸಂದುಗಳೂ ಕೆಂಪಾದವು, ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ಕಂದು ಬಣ್ಣಕ್ಕೆ ತಿರುಗಿತು. ಅವನನ್ನು ಜೀಪಿಗೆ ಹತ್ತಿಸಿಕೊಂಡು ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಹೋದೆ.

ಅಲ್ಲಿ ಡಾಕ್ಟರು ಒಂದು ತುಂಡು ಸೆಲ್ಲೋ ಟೇಪನ್ನು ಕಂಕುಳ ಚರ್ಮಕ್ಕೆ ಒತ್ತಿ ತೆಗೆದರು. ಅದನ್ನು ಗಾಜಿನ ಪಟ್ಟಿಗೆ ಅಂಟಿಸಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ನನಗೂ ತೋರಿಸಿದರು. ಕಡಲೆಕಾಯಿ ಸಿಪ್ಪೆಯ ಆಕಾರದ ಪುಟ್ಟ ಪುಟ್ಟ ಚುಕ್ಕಿಗಳು. ಮಲಸೀಜಿಯಾ ಅನ್ನುವ ಯೀಸ್ಟ್ ಅದು, ಶಿಲೀಂಧ್ರದ ಜಾತಿಯ ಸೂಕ್ಷ್ಮಜೀವಿ. ಆರೋಗ್ಯವಾಗಿರುವ ನಾಯಿಯ ಮೈಮೇಲೂ ಸ್ವಲ್ಪ ಇದ್ದೇ ಇರುತ್ತದೆ. ಚರ್ಮ ಒಡೆದು ತೇವ ನಿಂತರೆ ಜಾಸ್ತಿಯಾಗುತ್ತದೆ. ಅದನ್ನು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ಶಾಂಪೂ ಬರೆದುಕೊಟ್ಟು, “ವಾರಕ್ಕೆ ಎರಡು ಸಲ ಸ್ನಾನ ಮಾಡಿಸಿ. ಮೂರು ವಾರ ತಪ್ಪಿಸಬೇಡಿ” ಅಂದರು.

“ಸಾರ್, ಸ್ನಾನ ಜಾಸ್ತಿ ಆಗಿಯೇ ಹೀಗಾಗಿದ್ದು ಅಲ್ವಾ?” ಅಂದೆ.

ಅವರು ನಾಲ್ಕು ಪ್ರಶ್ನೆ ಕೇಳಿದರು. ಯಾವ ಸೋಪು? ನೀರು ಎಷ್ಟು ಬಿಸಿ? ಎಷ್ಟು ಹೊತ್ತು ತೊಳೆಯುತ್ತೀರಿ? ಒಣಗಿಸುವುದು ಹೇಗೆ? ನಾಲ್ಕಕ್ಕೂ ನನ್ನ ಉತ್ತರ ಹೇಳುತ್ತಾ ಹೋದ ಹಾಗೆ, ಗಾಯ ಬಂದದ್ದು ಸ್ನಾನ ಜಾಸ್ತಿಯಾಗಿ ಅಲ್ಲ, ಮಾಡಿಸುವ ರೀತಿಯಿಂದ ಅಂತ ನನಗೇ ಗೊತ್ತಾಯಿತು. ಸಕಲೇಶಪುರ ತಲುಪುವಷ್ಟರಲ್ಲಿ ತಲೆಯಲ್ಲಿ ಒಂದು ನಕ್ಷೆ ತಯಾರಾಗಿತ್ತು. ಆ ನಾಲ್ಕೂ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವಂಥ ಒಂದು ಜಾಗ ಕಟ್ಟಬೇಕು.

ಮೊದಲು ಸೋಪಿನ ವಿಷಯ

ಕಟ್ಟೋಣಕ್ಕೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿದೆ. ತೋಟದ ಮಣ್ಣು ನೋಡಲು ತಂದಿದ್ದ, ಹುಳಿ-ಕ್ಷಾರ ಅಳೆಯುವ ಪಿಎಚ್ ಕಾಗದ ಮನೆಯಲ್ಲಿತ್ತು. 7 ಅಂದರೆ ಸಮ, ಅದಕ್ಕಿಂತ ಕಡಿಮೆಯಾದರೆ ಹುಳಿ, ಜಾಸ್ತಿಯಾದರೆ ಕ್ಷಾರ. ಮೂರು ಲೋಟದಲ್ಲಿ ನಮ್ಮ ಬುಗ್ಗೆಯ ನೀರು, ಮೈಸೋಪು ಕದಡಿದ ನೀರು, ಹೊಸ ಶಾಂಪೂ ಬೆರೆಸಿದ ನೀರು ಇಟ್ಟು ಒಂದೊಂದು ಪಟ್ಟಿ ಅದ್ದಿದೆ. ಬುಗ್ಗೆ ನೀರು 6 ಮತ್ತು 7ರ ನಡುವೆ. ಶಾಂಪೂ ಕೂಡ ಹತ್ತಿರ ಹತ್ತಿರ ಅಲ್ಲೇ. ಸೋಪಿನ ನೀರಿನ ಪಟ್ಟಿ ಮಾತ್ರ ಕಡುನೀಲಿಗೆ ತಿರುಗಿ 10ರ ಬಣ್ಣ ತೋರಿಸಿತು.

ನಮ್ಮ ಚರ್ಮ ಸ್ವಲ್ಪ ಹುಳಿ ಕಡೆ, ಪಿಎಚ್ 5.5ರ ಆಸುಪಾಸು. ನಾಯಿಯದು 7ರ ಹತ್ತಿರ. ಅದರ ಮೇಲ್ಚರ್ಮ ನಮ್ಮದಕ್ಕಿಂತ ತುಂಬಾ ತೆಳು. ಕೂದಲ ಬುಡದಿಂದ ಬರುವ ಎಣ್ಣೆಯ ಪದರವೇ ಅದಕ್ಕೆ ರಕ್ಷಣೆ. ಕ್ಷಾರ ಜಾಸ್ತಿ ಇರುವ ಸೋಪು ಆ ಎಣ್ಣೆಯನ್ನು ಪೂರ್ತಿ ಎತ್ತಿಬಿಡುತ್ತದೆ, ಸುಡುನೀರು ಬಿದ್ದರೆ ಇನ್ನೂ ಬೇಗ. ಹಾಗಾದಾಗ ಚರ್ಮ ಒಣಗಿ ಬಿರುಕು ಬಿಡುತ್ತದೆ, ಹೊಟ್ಟು ಏಳುತ್ತದೆ. ನಮ್ಮ ತಲೆಗೆ ಹಾಕುವ ಶಾಂಪೂ ಕೂಡ ನಮ್ಮ ಚರ್ಮದ ಲೆಕ್ಕಕ್ಕೆ ಮಾಡಿದ್ದು. ಹಾಗಾಗಿ ಅದೂ ಬೇಡ, ಮಕ್ಕಳ ಶಾಂಪೂ ಕೂಡ ಪದೇ ಪದೇ ಬಳಸುವಂಥದ್ದಲ್ಲ.

ಅಮ್ಮ ಸೀಗೆಪುಡಿ, ಅಂಟುವಾಳ ಹಾಕೋಣ ಅಂದರು. ಅಂಟುವಾಳದ ನೊರೆ ಕಣ್ಣಿಗೆ ಬಿದ್ದರೆ ಹೇಗೆ ಉರಿಯುತ್ತದೆ ಅಂತ ಎಣ್ಣೆಸ್ನಾನ ಮಾಡಿ ಬೆಳೆದ ನಮಗೆಲ್ಲ ಗೊತ್ತು. ಸೀಗೆಯ ಚರಟ ಒಳಕೂದಲಲ್ಲಿ ಕೂತರೆ ಹೋಗುವುದೂ ಕಷ್ಟ. ಹಸಿ ಗಾಯ ಇರುವಾಗ ಎರಡೂ ಬೇಡ ಅಂದೆ. ಸ್ನಾನದ ನಂತರ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವೂ ಇತ್ತು. ಅದನ್ನೂ ನಿಲ್ಲಿಸಿದೆವು. ಈ ಯೀಸ್ಟ್‌ಗೆ ಕೊಬ್ಬೇ ಆಹಾರ.

ಜಾಗ ಮತ್ತು ನೀರು

ಮೊದಲು ಹೊಳೆದದ್ದು ಬೆನ್ನಿಗೆ ಹಾಕುವ ಸ್ಪ್ರೇಯರ್. ಹದಿನಾರು ಲೀಟರ್ ಹಿಡಿಯುತ್ತದೆ, ಬ್ಯಾಟರಿ ಇದೆ, ಸಣ್ಣ ಧಾರೆ ಬರುತ್ತದೆ. ಆದರೆ ನಮ್ಮ ಸ್ಪ್ರೇಯರಿನಲ್ಲಿ ವರ್ಷಾ ವರ್ಷ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತ, ಸುಣ್ಣ, ಕೆಲವು ಸಲ ಕೀಟನಾಶಕ. ಎಷ್ಟು ತೊಳೆದರೂ ವಾಷರ್ ಸಂದಿಯಲ್ಲಿ ಏನೋ ಉಳಿದಿರುತ್ತದೆ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುತ್ತದೆ. ಆ ಯೋಚನೆ ಅಲ್ಲೇ ಬಿಟ್ಟೆ. ಇದನ್ನು ಓದುವ ತೋಟದವರು ಯಾರೂ ಆ ಕೆಲಸಕ್ಕೆ ಕೈ ಹಾಕಬೇಡಿ, ದಯವಿಟ್ಟು.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಮೋಟಾರು, ಗೀಸರು ಇರಬಾರದು ಅಂತ ತೀರ್ಮಾನಿಸಿದೆ. ನಮ್ಮ ಮನೆ ಇಳಿಜಾರಿನಲ್ಲಿದೆ. ಬಚ್ಚಲಿನ ಹಿಂಬಾಗಿಲು ತೆಗೆದರೆ ನಾಲ್ಕು ಹೆಜ್ಜೆ ಸಮನೆಲ, ಆಮೇಲೆ ಐದು ಅಡಿಯ ದರೆ (ನೇರ ಕಡಿದ ಮಣ್ಣಿನ ಗೋಡೆ), ಕೆಳಗೆ ಸೌದೆ ಒಟ್ಟುವ ಅಂಗಳ. ದರೆಯ ಮೇಲೆ ಡ್ರಮ್ ಇಟ್ಟರೆ ನೀರು ತಾನಾಗಿ ಕೆಳಗೆ ಬರುತ್ತದೆ. ಹಂಡೆಯಿಂದ ಬಿಸಿನೀರಿನ ಬಕೆಟ್ ಹೊತ್ತು ಮೆಟ್ಟಿಲು ಹತ್ತುವ ಕೆಲಸವೂ ಇಲ್ಲ.

ನೂರು ಲೀಟರಿನ ನೀಲಿ ಡ್ರಮ್ ಒಂದನ್ನು ಸಕಲೇಶಪುರದಲ್ಲಿ ಹೊಸದೇ ತಂದೆ. ಹಳೇ ಡ್ರಮ್ ಅರ್ಧ ಬೆಲೆಗೆ ಸಿಗುತ್ತಿತ್ತು. ಆದರೆ ಅದರಲ್ಲಿ ಮೊದಲು ಏನಿತ್ತು ಅಂತ ಯಾರಿಗೆ ಗೊತ್ತು? ಡ್ರಮ್ಮನ್ನು ಎರಡು ಸಿಮೆಂಟ್ ಬ್ಲಾಕ್ ಮೇಲೆ ಕೂರಿಸಿದೆ. ದರೆಯ ಅಂಚಿಗೆ ಹತ್ತಿರ ಇಡದೆ ಎರಡು ಅಡಿ ಒಳಗಿಟ್ಟೆ. ತುಂಬಿದರೆ ನೂರು ಕೆಜಿ ತೂಕ. ಮಳೆಯಲ್ಲಿ ದರೆಯ ಅಂಚು ನಂಬಿ ಅಷ್ಟು ಭಾರ ಇಡುವ ಹಾಗಿಲ್ಲ.

ಡ್ರಮ್ಮಿನ ಬುಡಕ್ಕೆ ಆದಷ್ಟು ಹತ್ತಿರ ತೂತು ಕೊರೆದು ಮುಕ್ಕಾಲು ಇಂಚಿನ ಟ್ಯಾಂಕ್ ನಿಪ್ಪಲ್ ಹಾಕಿದೆ. ಅದಕ್ಕೊಂದು ಬಾಲ್ ವಾಲ್ವ್, ಅಲ್ಲಿಂದ ಪೈಪು. ಮೊದಲ ದಿನವೇ ನಿಪ್ಪಲ್ ಹತ್ತಿರ ಸೋರಿತು. ಟೆಫ್ಲಾನ್ ಟೇಪ್ ಇನ್ನೂ ನಾಲ್ಕು ಸುತ್ತು ಸುತ್ತಿದೆ, ಆದರೂ ಸೋರಿತು. ಬಿಚ್ಚಿ ನೋಡಿದರೆ ತಪ್ಪು ಬೇರೆ ಕಡೆ ಇತ್ತು. ಡ್ರಮ್ಮಿನ ಗೋಡೆ ದುಂಡಗಿದೆ, ಜೊತೆಗೆ ಬಂದಿದ್ದ ವಾಷರ್ ತೆಳು. ಅಂಚು ಕೂರುತ್ತಿರಲಿಲ್ಲ. ಹಳೇ ಜೀಪಿನ ಟ್ಯೂಬಿನಿಂದ ದಪ್ಪ ವಾಷರ್ ಎರಡು ಕತ್ತರಿಸಿ, ಒಳಗೊಂದು ಹೊರಗೊಂದು ಹಾಕಿ ಬಿಗಿದೆ. ನಿಂತಿತು.

ಇನ್ನೊಂದು ತೊಂದರೆ ಎರಡು ದಿನ ತಲೆ ತಿಂದಿತು. ವಾಲ್ವ್ ತೆಗೆದರೆ ಒಂದು ನಿಮಿಷ ನೀರು ಬಂದು ನಿಂತುಬಿಡುತ್ತಿತ್ತು. ಪೈಪು ದರೆ ದಾಟುವ ಕಡೆ ಕಲ್ಲಿನ ಮೇಲೆ ಹಾದು ಒಂದು ಡುಬ್ಬ ಆಗಿತ್ತು. ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತಿತ್ತು. ಮೋಟಾರಿನ ಒತ್ತಡ ಇದ್ದಿದ್ದರೆ ತಳ್ಳಿಕೊಂಡು ಹೋಗುತ್ತಿತ್ತೇನೋ, ನಾಲ್ಕೈದು ಅಡಿ ಎತ್ತರದ ನೀರಿಗೆ ಅಷ್ಟು ಬಲವಿಲ್ಲ. ಕಲ್ಲನ್ನು ಉಳಿಯಿಂದ ಸ್ವಲ್ಪ ಕೆತ್ತಿ, ಪೈಪು ಎಲ್ಲೂ ಮೇಲೇಳದೆ ಒಂದೇ ಸಮ ಇಳಿಯುವ ಹಾಗೆ ಮಾಡಿದೆ. ಆಮೇಲೆ ನಿಂತದ್ದೇ ಇಲ್ಲ.

ತುದಿಗೆ ಮೊದಲು ಹಾಕಿದ್ದು ಅಂಗಡಿಯಿಂದ ತಂದ ಸ್ಪ್ರೇ ಗನ್. ಅದರ ಧಾರೆ ಸಣ್ಣಗೆ ಚುಚ್ಚುತ್ತಿತ್ತು, ಸುಂಯ್ ಅಂತ ಸದ್ದು ಬೇರೆ. ಗುಂಡ ಬಾಲ ಮುದುರಿ ಸೌದೆ ಹಿಂದೆ ಹೋಗಿ ನಿಂತ. ಅದನ್ನು ತೆಗೆದು, ನರ್ಸರಿ ಸಸಿಗಳಿಗೆ ನೀರು ಹಾಕುವ ಝಾರಿಯ ತಲೆಯನ್ನು ಹೋಸ್ ಪೈಪಿಗೆ ಕ್ಲಾಂಪ್ ಹಾಕಿ ಕೂರಿಸಿದೆ. ಕಾಫಿ ಸಸಿಯ ಎಳೆ ಎಲೆಗೂ ಪೆಟ್ಟಾಗದ ಧಾರೆ ಅದು. ಅದರ ತಲೆಯನ್ನು ಮೈಗೆ ತಾಗಿಸಿಯೇ ಹಿಡಿಯಬೇಕು. ಆಗ ಸದ್ದೂ ಇಲ್ಲ, ನೀರು ಕೂದಲ ಮೇಲೆ ಜಾರಿ ಹೋಗದೆ ಬುಡಕ್ಕೆ ಇಳಿಯುತ್ತದೆ. ಬಕೆಟ್ ಇಟ್ಟು ಅಳೆದೆ. ಹತ್ತು ಲೀಟರ್ ತುಂಬಲು ಎರಡು ನಿಮಿಷ. ಅಂದರೆ ನಿಮಿಷಕ್ಕೆ ಐದು ಲೀಟರ್.

ಬಿಸಿಯ ಲೆಕ್ಕ

ನಾಯಿಯ ಮೈಬಿಸಿಯೇ 38ರಿಂದ 39 ಡಿಗ್ರಿ. ಸ್ನಾನದ ನೀರು ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ ಇದ್ದರೆ ಸಾಕು. ನಮಗೆ ಹಿತ ಅನ್ನಿಸುವ ಹಂಡೆ ನೀರು ಅದಕ್ಕೆ ಜಾಸ್ತಿ ಬಿಸಿ, ತುರಿಕೆ ಇರುವ ಚರ್ಮಕ್ಕಂತೂ ಬೇಡವೇ ಬೇಡ. ಕೈ ಅದ್ದಿ ನೋಡುವುದನ್ನು ಬಿಟ್ಟು ಥರ್ಮಾಮೀಟರ್ ಹಿಡಿದೆ.

ಒಲೆ ಚೆನ್ನಾಗಿ ಉರಿದ ಮೇಲೆ ನಮ್ಮ ಹಂಡೆಯ ನೀರು 60 ಡಿಗ್ರಿ ಇರುತ್ತದೆ. ಜುಲೈನಲ್ಲಿ ಟ್ಯಾಂಕಿನ ತಣ್ಣೀರು 20. ಡ್ರಮ್ಮಿನಿಂದ ಝಾರಿಗೆ ಬರುವಷ್ಟರಲ್ಲಿ ಎರಡು ಡಿಗ್ರಿ ಇಳಿಯುತ್ತದೆ. ಹಾಗಾಗಿ ಡ್ರಮ್ಮಿನಲ್ಲಿ 38 ಇರಬೇಕು. 60 ಲೀಟರಿಗೆ 27 ಲೀಟರ್ ಹಂಡೆ ನೀರು, 33 ಲೀಟರ್ ತಣ್ಣೀರು. ಮೊದಲು ತಣ್ಣೀರು ಹಾಕಿ ಆಮೇಲೆ ಬಿಸಿನೀರು. ಡ್ರಮ್ಮಿನ ಒಳಗೆ 33 ಲೀಟರಿನ ಮಟ್ಟಕ್ಕೆ ಒಂದು, 60ರ ಮಟ್ಟಕ್ಕೆ ಒಂದು ಗೆರೆ ಎಳೆದಿದ್ದೇನೆ. ಕೋಲಿನಿಂದ ಚೆನ್ನಾಗಿ ಕಲಕಿ ಅಳೆಯಬೇಕು, ಇಲ್ಲವಾದರೆ ಮೇಲೆ ಬಿಸಿ, ಬುಡದಲ್ಲಿ ತಣ್ಣಗೆ.

ನಿಲ್ಲುವ ಕಲ್ಲು

ಹಳೇ ಕೊಟ್ಟಿಗೆಯ ಒಂದು ಚಪ್ಪಡಿ ಕಲ್ಲು ಸುಮ್ನೆ ಬಿದ್ದಿತ್ತು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಇಂಚು ದಪ್ಪ. ನೂರು ಕೆಜಿ ಹತ್ತಿರ. ನಾಲ್ಕು ಜನ ಸೇರಿ ಎತ್ತಿ, ಎರಡು ಅಡಿ ಎತ್ತರದ ಬ್ಲಾಕ್ ಕಟ್ಟೆ ಮೇಲೆ ಇಟ್ಟೆವು. ಮೇಸ್ತ್ರಿ ರಸಮಟ್ಟ ಇಟ್ಟು ತಲೆ ಕಡೆಯಿಂದ ಬಾಲದ ಕಡೆಗೆ ಒಂದು ಇಂಚು ವಾಟ ಕೊಟ್ಟರು. “ಇನ್ನೂ ಅರ್ಧ ಇಂಚು ಕೊಡಿ ಅಣ್ಣ” ಅಂದೆ. “ಜಾಸ್ತಿ ಕೊಟ್ರೆ ನಾಯಿ ನಿಲ್ಲೋಕಾಗಲ್ಲ, ಹಿಂಗಾಲು ನೋಯುತ್ತೆ” ಅಂದರು. ಸರಿಯಾದ ಮಾತು. ಹತ್ತಲು ಪಕ್ಕದಲ್ಲಿ ಹಲಗೆಯ ಇಳಿಜಾರು. 26 ಕೆಜಿಯನ್ನು ಪ್ರತಿ ಸಲ ಎತ್ತಿದರೆ ನನ್ನ ಸೊಂಟಕ್ಕೂ ಕಷ್ಟ, ಅವನಿಗೂ ಗಾಬರಿ.

ಒದ್ದೆ ಕಲ್ಲು ಜಾರುತ್ತದೆ. ಕಾಲು ಜಾರಿದ ನಾಯಿ ಮೈಯೆಲ್ಲ ಬಿಗಿ ಹಿಡಿಯುತ್ತದೆ, ಮುಂದಿನ ಸಲ ಹತ್ತಿರವೇ ಬರುವುದಿಲ್ಲ. ಮೊದಲು ಪ್ಲಾಸ್ಟಿಕ್ ಚಾಪೆ ಹಾಸಿದ್ದೆ. ಚಾಪೆ ಸಮೇತ ಜಾರಿದ. ಹಸು ಮಲಗಲು ಹಾಸುವ ರಬ್ಬರ್ ಮ್ಯಾಟಿನ ತುಂಡು ಕೊಟ್ಟಿಗೆಯಲ್ಲಿ ಉಳಿದಿತ್ತು. ಅದನ್ನು ಕಲ್ಲಿನ ಅಳತೆಗೆ ಕತ್ತರಿಸಿ ಹಾಕಿದೆ. ಅಡಿಯಲ್ಲಿ ಗೀರುಗಳಿವೆ, ನೀರು ಕೆಳಗೇ ಹರಿದು ಹೋಗುತ್ತದೆ. ಗುಂಡ ಅದರ ಮೇಲೆ ನಾಲ್ಕು ಕಾಲು ಊರಿ ನಿಂತದ್ದು ನೋಡಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಆವತ್ತು ನೀರು ಹಾಕದೆ ಬರೀ ಬೆಲ್ಲದ ತುಂಡು ಕೊಟ್ಟು ಇಳಿಸಿದೆ.

ಕೊಳಚೆ ನೀರು ಹಳ್ಳಕ್ಕೆ ಹೋಗುವ ಹಾಗಿಲ್ಲ. ಔಷಧಿ ಶಾಂಪೂ, ಅದರಲ್ಲೂ ರಕ್ತ ಹೀರುವ ಉಣ್ಣೆ ಹುಳಕ್ಕೆ (ಉಣುಗು) ಹಾಕುವ ಔಷಧಿಗಳು ಮೀನಿಗೆ ವಿಷ. ಕಲ್ಲಿನ ಬುಡದಿಂದ ಎಂಟು ಅಡಿ ದೂರ ಜಲ್ಲಿ ತುಂಬಿದ ಇಂಗುಗುಂಡಿ ತೋಡಿ ಅಲ್ಲಿಗೆ ಬಿಟ್ಟೆ. ಎರಡನೇ ವಾರಕ್ಕೇ ಕಟ್ಟಿಕೊಂಡಿತು. ಕೂದಲು! ಪೈಪಿನ ಬಾಯಿಗೆ ಸೊಳ್ಳೆ ಜಾಲರಿಯ ತುಂಡು ಕಟ್ಟಿದ ಮೇಲೆ ಸರಿಹೋಯಿತು. ಪ್ರತಿ ಸ್ನಾನ ಆದ ಮೇಲೆ ಒಂದು ಹಿಡಿ ಕೂದಲು ಅದರಲ್ಲಿ ಸಿಗುತ್ತದೆ.

ಸ್ನಾನ

ಮೊದಲು ಒಣ ಮೈಯನ್ನೇ ಬಾಚಬೇಕು. ಲ್ಯಾಬ್ರಡಾರ್ ರಕ್ತ ಇರುವ ನಾಯಿಗೆ ಎರಡು ಪದರ ಕೂದಲು. ಮೇಲಿನದು ಒರಟು, ಒಳಗಿನದು ಹತ್ತಿಯ ಹಾಗೆ ಮೆತ್ತಗೆ. ಉದುರಿದ ಒಳಕೂದಲು ಅಲ್ಲೇ ಇದ್ದರೆ ಒದ್ದೆಯಾದಾಗ ಗಂಟಾಗಿ ಬಿಗಿಯುತ್ತದೆ, ಅದರಡಿ ನೀರು ನಿಲ್ಲುತ್ತದೆ. ಬಾಚುವಾಗಲೇ ಉಣ್ಣೆ, ಇಂಬಳ (ಜಿಗಣೆ) ಕಾಣುತ್ತವೆ. ಉಣ್ಣೆಯನ್ನು ಸಣ್ಣ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯುತ್ತೇನೆ. ಬೆರಳಲ್ಲಿ ಹಿಸುಕುವುದಿಲ್ಲ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ ಅನ್ನುವುದನ್ನು ಮಲೆನಾಡಿನವರು ಮರೆಯಬಾರದು. ಸೀಮೆಎಣ್ಣೆ, ಫಿನಾಯಿಲ್ ಹಚ್ಚುವವರು ಈಗಲೂ ಇದ್ದಾರೆ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ಕಿವಿಗೆ ಸಡಿಲವಾಗಿ ಹತ್ತಿ. ಆಮೇಲೆ ಕುತ್ತಿಗೆಯಿಂದ ಹಿಂದಕ್ಕೆ ಮೂರು ನಿಮಿಷ ನೀರು. ಹದಿನೈದು ಲೀಟರ್ ಖರ್ಚು. ತಲೆಗೆ ನೀರು ಹಾಕುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುವುದು ಅಷ್ಟೆ.

ಶಾಂಪೂವನ್ನು ನೇರ ಮೈಮೇಲೆ ಸುರಿಯುವುದನ್ನು ಬಿಟ್ಟಿದ್ದೇನೆ. ಗಟ್ಟಿ ಶಾಂಪೂ ಬಿದ್ದ ಕಡೆಯೇ ಉಳಿಯುತ್ತದೆ, ಹರಡಲು ಗಸಗಸ ಉಜ್ಜಬೇಕಾಗುತ್ತದೆ. ಒಂದು ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಬೆರೆಸಿ, ಅಲ್ಲಾಡಿಸಿ, ಕೂದಲು ಸರಿಸಿ ಬುಡಕ್ಕೆ ಹಾಕುತ್ತೇನೆ. ಔಷಧಿ ಶಾಂಪೂ ಆದರೆ ಎಷ್ಟು ತೆಳು ಮಾಡಬಹುದು ಅಂತ ಡಾಕ್ಟರನ್ನೇ ಕೇಳಿ. ಕೈ ಯಾವಾಗಲೂ ಕೂದಲು ಮಲಗುವ ದಿಕ್ಕಿಗೆ. ಬೆರಳ ತುದಿಯಿಂದ ಒತ್ತುವುದು, ಉಗುರು ತಾಗಬಾರದು.

ಔಷಧಿ ಶಾಂಪೂ ಚರ್ಮದ ಮೇಲೆ ಹತ್ತು ನಿಮಿಷ ನಿಂತರೆ ಮಾತ್ರ ಕೆಲಸ ಮಾಡುತ್ತದೆ. ಹಚ್ಚಿದ ತಕ್ಷಣ ತೊಳೆದರೆ ದುಡ್ಡು ಇಂಗುಗುಂಡಿಗೆ. ಹಾಗಾಗಿ ಕಾಯಿಲೆ ಇರುವ ಜಾಗದಿಂದಲೇ ಶುರು. ಕುತ್ತಿಗೆ, ಕಂಕುಳು, ತೊಡೆ ಸಂದು, ಕಾಲ್ಬೆರಳು. ಉಳಿದ ಮೈಗೆ ಹಚ್ಚಿ ಮುಗಿಸುವಷ್ಟರಲ್ಲಿ ಅಲ್ಲಿ ನಾಲ್ಕು ನಿಮಿಷ ಆಗಿರುತ್ತದೆ. ಆದರೂ ಮೊದಲ ಸಲ ಹತ್ತು ನಿಮಿಷ ಅನ್ನುವುದು ಎಷ್ಟು ಉದ್ದ ಅಂತ ತಿಳಿಯಿತು. ಗಾಳಿ ಬೀಸಿ ಗುಂಡ ನಡುಗತೊಡಗಿದ. ಆವತ್ತೇ ಸಂಜೆ ಮಳೆ ಬರುವ ಪಡುವಣ ಕಡೆಗೆ ಟಾರ್ಪಲ್ ಕಟ್ಟಿದೆ, ಮೇಲೆ ಎರಡು ಶೀಟು ಹಾಕಿಸಿದೆ. ಈಗ ಮೊಸರು ಸವರಿದ ತಟ್ಟೆಯನ್ನು ಕಲ್ಲಿನ ತುದಿಯಲ್ಲಿ ಇಡುತ್ತೇನೆ. ಅವನು ನೆಕ್ಕುತ್ತಾ ನಿಲ್ಲುತ್ತಾನೆ. ಅಮ್ಮ ಪಕ್ಕದಲ್ಲಿ ಮಣೆ ಹಾಕಿ ಕೂತು ಅವನ ಜೊತೆ ಮಾತಾಡುತ್ತಾರೆ.

ತೊಳೆಯುವುದೇ ಎಲ್ಲದಕ್ಕಿಂತ ದೊಡ್ಡ ಕೆಲಸ. ನಾನು ಮೊದಲು 40 ಲೀಟರ್ ಸಾಕು ಅಂದುಕೊಂಡಿದ್ದೆ. ಸಾಲಲಿಲ್ಲ. ನಮ್ಮ ಬುಗ್ಗೆಯ ನೀರು ತುಂಬಾ ಮೆದು. ಮೆದು ನೀರಿನಲ್ಲಿ ನೊರೆ ಚೆನ್ನಾಗಿ ಬರುತ್ತದೆ, ಆದರೆ ಬೇಗ ಬಿಡುವುದಿಲ್ಲ. ಎಷ್ಟು ತೊಳೆದರೂ ಕೈಗೆ ಜಾರುತ್ತಲೇ ಇರುತ್ತದೆ. ಆಯಿತೋ ಇಲ್ಲವೋ ಅಂತ ಕೈಯಿಂದ ಗೊತ್ತಾಗುವುದಿಲ್ಲ.

ಅದಕ್ಕೆ ಒಂದು ದಾರಿ ಸಿಕ್ಕಿತು. ಹೊಟ್ಟೆಯ ಕೆಳಗೆ ಸ್ಟೀಲ್ ಲೋಟ ಹಿಡಿದು, ಕೂದಲಿಂದ ತೊಟ್ಟಿಕ್ಕುವ ನೀರನ್ನು ಅರ್ಧ ಲೋಟ ಹಿಡಿಯುವುದು. ಅಂಗೈ ಮುಚ್ಚಿ ಹತ್ತು ಸಲ ಜೋರಾಗಿ ಅಲ್ಲಾಡಿಸುವುದು. ಕೈ ತೆಗೆದು ಮನಸ್ಸಿನಲ್ಲೇ ಹತ್ತು ಎಣಿಸುವುದು. ಅಂಚಿನಲ್ಲಿ ನೊರೆಯ ಉಂಗುರ ಉಳಿದರೆ ಇನ್ನೂ ತೊಳೆಯಬೇಕು. ಗುಳ್ಳೆಗಳು ಒಡೆದು ನೊರೆಯಿಲ್ಲದ ಬರೀ ನೀರು ಕಂಡರೆ ಆಯಿತು. ಮೊದಲ ಸಲ ಐದು ನಿಮಿಷ ತೊಳೆದು ಲೋಟ ಹಿಡಿದಾಗ ಅರ್ಧ ಇಂಚು ನೊರೆ ನಿಂತಿತ್ತು. ಕಾಫಿ ಬಗ್ಗಿಸಿದ ಹಾಗೆ! ಇಷ್ಟು ವರ್ಷ ಎರಡು ಚೊಂಬು ನೀರು ಹಾಕಿ ಬಿಡುತ್ತಿದ್ದೆನಲ್ಲ, ಅವನ ಮೈಮೇಲೆ ಎಷ್ಟು ಸೋಪು ಒಣಗಿರಬೇಕು ಅಂತ ನೆನೆದು ಹೊಟ್ಟೆ ಚುರ್ ಅಂದಿತು. ಒಂಬತ್ತು ನಿಮಿಷಕ್ಕೆ, 45 ಲೀಟರಿಗೆ ಲೋಟದಲ್ಲಿ ನೊರೆ ನಿಲ್ಲಲಿಲ್ಲ. ಆಮೇಲಿಂದ ಡ್ರಮ್ಮಿಗೆ 60 ಲೀಟರ್.

ಒಣಗಿಸುವುದು

ಜುಲೈನಲ್ಲಿ ನಮ್ಮಲ್ಲಿ ಹಾಸಿಗೆ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ನಾಯಿಯ ಒಳಕೂದಲು ತಾನಾಗಿ ಎಲ್ಲಿ ಒಣಗೀತು? ಗುಂಡನ ಕುತ್ತಿಗೆಯ ಗಾಯ ಬೆಲ್ಟಿನ ಅಡಿಯಲ್ಲೇ ಶುರುವಾಗಿದ್ದು. ಒದ್ದೆ ಬೆಲ್ಟು, ಒದ್ದೆ ಕೂದಲು, ಒಲೆಯ ಕಾವು. ಚರ್ಮ ಬೆಂದ ಹಾಗಾಗಿ ಒಡೆದಿತ್ತು. ಈಗ ಸ್ನಾನದ ದಿನ ರಾತ್ರಿಯವರೆಗೆ ಬೆಲ್ಟ್ ಹಾಕುವುದಿಲ್ಲ.

ಹೇರ್ ಡ್ರೈಯರ್ ತಂದು ನೋಡಿದೆ. ಮೇಲಿನ ಕೂದಲು ಬೇಗ ಒಣಗಿತು, ಬುಡ ಒದ್ದೆಯೇ ಇತ್ತು. ಹತ್ತಿರ ಹಿಡಿದರೆ ಚರ್ಮ ಸುಡುವ ಭಯ ಬೇರೆ. ವಾಪಸ್ ಇಟ್ಟೆ. ಬಚ್ಚಲ ಪಕ್ಕದ ಕೋಣೆಯಲ್ಲಿ, ಒಲೆಯ ಗೋಡೆಯಿಂದ ಐದು ಅಡಿ ದೂರ, ಮರದ ಪಟ್ಟಿ ಬಡಿದು ಅರ್ಧ ಅಡಿ ಎತ್ತರದ ಒಂದು ಜಾಲರಿ ಮಣೆ ಮಾಡಿದೆ. ಕಾಫಿ ಒಣಗಿಸುವ ಜಾಲರಿಯೇ, ದಪ್ಪ ಜಾತಿಯದ್ದು, ಮೇಲೆ ಗೋಣಿತಾಟು. ಒಂದು ಟೇಬಲ್ ಫ್ಯಾನನ್ನು ಅದರ ಮುಂದೆ ಇಟ್ಟೆ. ಗೋಡೆಯ ಹಿತವಾದ ಬಿಸಿ, ಫ್ಯಾನಿನ ಗಾಳಿ, ಅಡಿಯಿಂದಲೂ ಗಾಳಿಯಾಡುತ್ತದೆ. ಕರೆಂಟ್ ಇಲ್ಲದ ದಿನ ಟವೆಲ್ ಮೇಲೆ ಟವೆಲ್. ಉಜ್ಜುವುದಿಲ್ಲ, ಒತ್ತಿ ಹಿಂಡುವುದು. ಮೊದಲ ಎರಡು ಟವೆಲ್ ಹೆಚ್ಚಿನ ನೀರನ್ನು ಹೀರಿಬಿಡುತ್ತವೆ.

ಒಣಗಿತೋ ಇಲ್ಲವೋ ನೋಡಲು ದಿನಪತ್ರಿಕೆಯ ಚೂರು ಸಾಕು. ಕುತ್ತಿಗೆ, ಕಂಕುಳು, ಬಾಲದ ಬುಡದಲ್ಲಿ ಕೂದಲು ಸೀಳಿ ಚರ್ಮಕ್ಕೆ ಒತ್ತುತ್ತೇನೆ. ಕಾಗದ ಅಂಟಿಕೊಂಡರೆ, ಬಣ್ಣ ಗಾಢವಾದರೆ ಇನ್ನೂ ತೇವ ಇದೆ. ಫ್ಯಾನಿನ ಮುಂದೆ ನಲವತ್ತು ನಿಮಿಷ ಬೇಕಾಗುತ್ತದೆ. ಕಾಲ್ಬೆರಳ ಸಂದು ಒಂದೊಂದನ್ನೂ ಬಿಡಿಸಿ ಹತ್ತಿಬಟ್ಟೆಯಲ್ಲಿ ಒರೆಸುತ್ತೇನೆ. ಕಿವಿಯ ಹತ್ತಿ ತೆಗೆದು ಹೊರಮಡಿಕೆಯನ್ನೂ ಒಣಗಿಸುತ್ತೇನೆ. ಜೋಲುಕಿವಿಯ ಒಳಗೆ ತೇವ ಉಳಿದರೆ ಅಲ್ಲೂ ಅದೇ ಯೀಸ್ಟ್.

ಈಗಿನ ಲೆಕ್ಕ

ಮೂರು ವಾರ, ಆರು ಸ್ನಾನ. ಎರಡನೇ ವಾರದಲ್ಲೇ ಕಮಟು ವಾಸನೆ ಹೋಯಿತು. ಮೂರನೇ ವಾರದ ಕೊನೆಗೆ ಹಾಸನಕ್ಕೆ ಮತ್ತೆ ಕರೆದುಕೊಂಡು ಹೋದೆ. ಡಾಕ್ಟರು ಮತ್ತೆ ಟೇಪ್ ಒತ್ತಿ ನೋಡಿದರು, ಚುಕ್ಕಿಗಳು ಬಹಳ ಕಡಿಮೆಯಾಗಿದ್ದವು. ಔಷಧಿ ಶಾಂಪೂ ನಿಲ್ಲಿಸಿ ಓಟ್ಸ್ ಇರುವ ಮೆದು ಶಾಂಪೂ ಹೇಳಿದರು. ಕುತ್ತಿಗೆಯಲ್ಲಿ ಕೂದಲು ಮತ್ತೆ ಬರಲು ಆಗಸ್ಟ್ ಮುಗಿಯಬೇಕಾಯಿತು.

ಆಮೇಲೆ ಅಕ್ಟೋಬರ್‌ವರೆಗೆ ವಾರಕ್ಕೆ ಒಂದು ಶಾಂಪೂ ಸ್ನಾನ. ನಡುವೆ ಕೆಸರಾದ ದಿನ ಬರೀ ನೀರಿನಲ್ಲಿ ಕಾಲು, ಹೊಟ್ಟೆ ತೊಳೆದು ಪೂರ್ತಿ ಒಣಗಿಸುವುದು. ಶಾಂಪೂ ಇಲ್ಲದ ನೀರಿನಿಂದ ಎಣ್ಣೆ ಅಷ್ಟು ಹೋಗುವುದಿಲ್ಲ. ಕಾಫಿ ಹಣ್ಣು ಕೊಯ್ಲು ಶುರುವಾದ ಮೇಲೆ, ಬಿಸಿಲಿದ್ದಾಗ, ತಿಂಗಳಿಗೆ ಒಂದು ಸ್ನಾನ ಸಾಕಾಯಿತು. ಹೆಗಲ ಮೇಲೆ ಬಿಡುವ ಉಣ್ಣೆ ಔಷಧಿ ಹಾಕುವ ದಿನದ ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಇಲ್ಲ. ಆ ಔಷಧಿ ಚರ್ಮದ ಎಣ್ಣೆಯಲ್ಲೇ ಮೈಯೆಲ್ಲ ಹರಡಬೇಕು. ಎಣ್ಣೆ ತೊಳೆದುಬಿಟ್ಟರೆ ಹರಡುವುದು ಹೇಗೆ? ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮ್ಮ ಸ್ನಾನದ ದಿನಕ್ಕೆ ನೀಲಿ, ಔಷಧಿಗೆ ಕೆಂಪು ಗುರುತು ಹಾಕುತ್ತಾರೆ.

ಒಟ್ಟು ಖರ್ಚು 4,300 ರೂಪಾಯಿ. ಅದರಲ್ಲಿ ಶೀಟು ಮತ್ತು ಮೇಸ್ತ್ರಿ ಕೂಲಿಯೇ ಅರ್ಧಕ್ಕಿಂತ ಜಾಸ್ತಿ. ಕಲ್ಲು, ರಬ್ಬರ್ ಮ್ಯಾಟು, ಝಾರಿಯ ತಲೆ ಮನೆಯಲ್ಲೇ ಇದ್ದವು.

ಈ ಜೂನ್‌ಗೆ ಮೊದಲು ಎರಡು ಕೆಲಸ ಬಾಕಿ. ಜೀಪಿನ ಟ್ಯೂಬಿನ ವಾಷರ್ ಗಟ್ಟಿಯಾಗುತ್ತಾ ಬಂದಿದೆ, ಬದಲಾಯಿಸಬೇಕು. ಟಾರ್ಪಲ್ ಇದ್ದ ಕಡೆ ಒಂದು ಗೋಡೆ ಎಬ್ಬಿಸಬೇಕು. ಮೇಸ್ತ್ರಿ ಮುಂದಿನ ಸೋಮವಾರ ಬರುತ್ತೇನೆ ಅಂದಿದ್ದಾರೆ. ಗುಂಡ ಈಗ ಆ ಕಲ್ಲಿನ ಮೇಲೆಯೇ ಮಲಗಿದ್ದಾನೆ, ಮಧ್ಯಾಹ್ನದ ಬಿಸಿಲಿಗೆ.